ವಾರಗಿತ್ತಿಯ ಎಡಗಿವಿ

ಅವಳು ಹಾಡು ಮರೆತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಆ ದಿನ ಕುಮಟೆಯ ಸಭೆಯಲ್ಲಿ ಆದದ್ದು ಇಷ್ಟೇ. ಬೇರೆ ಯಾರು ಏನು ಹೇಳಿದರೂ ಅದಕ್ಕೆ ಅರ್ಥವಿಲ್ಲ. ಅವರೆಲ್ಲ ವೇದಿಕೆಯನ್ನು ನೋಡುತ್ತ ಕೂತಿದ್ದರು. ಕೆಳಗೆ ಕುರ್ಚಿಯಲ್ಲಿದ್ದ ನನ್ನನ್ನು ನೋಡಿದವಳು ಅವಳೊಬ್ಬಳೇ.

ಅವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳ ನೆನಪು ಬಂದರೆ ಮೊದಲು ಕಣ್ಣಿಗೆ ಕಟ್ಟುವುದು ಅವಳ ಎಡಗಿವಿ. ಓಲೆಯ ಭಾರಕ್ಕೆ ತೂತು ಉದ್ದವಾಗಿ, ಹಾಲೆ ಇನ್ನೇನು ಸೀಳಿತು ಎನ್ನುವಂತೆ ಜೋತಿದ್ದ ಕಿವಿ. ಹಾಡಿನ ಒಂದು ಸಾಲು ಹೇಳಿ ಮುಗಿಸಿದಳೆಂದರೆ ತಲೆ ಬಲಕ್ಕೆ ವಾಲುತ್ತಿತ್ತು, ಆ ಕಿವಿ ಮುಂದೆ ಬರುತ್ತಿತ್ತು, ಒಂದು ಕಣ್ಣು ಅರ್ಧ ಮುಚ್ಚುತ್ತಿತ್ತು. ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಮೇಲಿನ ಎರಡು ಹಲ್ಲು ಬಿದ್ದಿದ್ದವು. ಆ ಸಂದಿಯಲ್ಲಿ ನಾಲಿಗೆಯ ತುದಿ ಕಾಣಿಸುತ್ತಿತ್ತು, ಹಾಲಿಗೆ ಕಾದ ಬೆಕ್ಕಿನ ಹಾಗೆ. ಹಾಗೆ ನಿಂತುಬಿಡುತ್ತಿದ್ದಳು, ಇನ್ನೊಬ್ಬಳು ಆ ಸಾಲನ್ನು ತಿರುಗಿ ಹೇಳುವ ತನಕ.

ನಮ್ಮ ಕಡೆ ಹೆಂಗಸರು ಗದ್ದೆಯಲ್ಲಾಗಲಿ ಮದುವೆಮನೆಯಲ್ಲಾಗಲಿ ಹಾಡು ಹೇಳುವುದಾದರೆ ಒಬ್ಬಳೇ ಹೇಳುವುದಿಲ್ಲ. ಮುಂದಿನವಳು ಒಂದು ಸಾಲು ಹೇಳುತ್ತಾಳೆ. ಹಿಂದಿನವಳು ಅದನ್ನೇ ತಿರುಗಿ ಹೇಳುತ್ತಾಳೆ. ಆಮೇಲೆ ಮುಂದಿನ ಸಾಲು. ಹಿಂದಿನವಳು ತಡ ಮಾಡಿದರೆ ಮುಂದಿನವಳು ಅದೇ ಸಾಲನ್ನು ಇನ್ನೊಮ್ಮೆ ಹೇಳಿ ಕಾಯುತ್ತಾಳೆಯೇ ಹೊರತು ದಾಟಿ ಹೋಗುವುದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಕೆಸರಿನಲ್ಲಿ ಬಗ್ಗಿ ಸಸಿ ನೆಡುತ್ತ ಕಲಿತದ್ದು.

ನಾನು ಹಳದೀಪುರದ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷಕ್ಕೆ ಅವಳು ಬಂದಳು, ಭಟ್ಕಳದ ಮುಟ್ಟಳ್ಳಿಯಿಂದ. ಆ ಎರಡು ವರ್ಷ ನಮ್ಮ ಗದ್ದೆಯಲ್ಲಿ ಹಾಡು ಎತ್ತುವವಳು ನಾನು. ಅವಳು ಬಂದ ಮೊದಲ ನಾಟಿಯ ದಿನ, ಬಿಸಿಲು ಇನ್ನೂ ಏರಿರಲಿಲ್ಲ, ಅವಳು ಸುಮ್ಮನೆ ತನ್ನಷ್ಟಕ್ಕೆ ಒಂದು ಸಾಲು ಹೇಳಿದಳು. ಅಂಚಿನ ಮೇಲೆ ಕೂತಿದ್ದ ಅತ್ತೆ ತಲೆ ಎತ್ತಿದರು.

"ದೊಡ್ಡೋಳೆ, ನೀ ಹಿಂದಾಗು," ಎಂದರು ನನಗೆ. "ಸಣ್ಣೋಳ ದನಿ ಗದ್ದೆ ತುದಿ ಮುಟ್ತದೆ."

ಅಷ್ಟೇ. ಅಂದು ಹಿಂದಾದವಳು ನಲವತ್ತು ವರ್ಷಕ್ಕೂ ಹೆಚ್ಚು ಹಿಂದೆಯೇ ಉಳಿದೆ. ಅವಳು ಹೇಳಿದ್ದನ್ನು ತಿರುಗಿ ಹೇಳಿದೆ. ಅವಳ ದನಿ ಮೇಲೆ ಹೋದರೆ ನಾನೂ ಹೋಗಬೇಕು, ಕೆಳಗೆ ಬಂದರೆ ನಾನೂ ಬರಬೇಕು. ಅವಳು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎನ್ನುವುದು ನನ್ನ ಗಂಡನ ಗೊರಕೆಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಮಾತಿನಲ್ಲೂ ಅವಳ ಕ್ರಮ ಅದೇ. ಒಂದು ಮಾತು ಹೇಳಿದರೆ ಎದುರಿನವರು ಹೂಂ ಎನ್ನಬೇಕು. ಎನ್ನದಿದ್ದರೆ ಎರಡನೆಯ ಮಾತಿಲ್ಲ. ನನ್ನ ಮೈದುನ ಮೊದಲೇ ಮಾತು ಕಡಿಮೆಯ ಮನುಷ್ಯ. ಅವನ ಬಟ್ಟಲಿನ ಮುಂದೆ ಸಾರಿನ ಸೌಟು ಹಿಡಿದು ನಿಂತು, "ನಾಳೆ ಕುಮಟೆ ಸಂತೆಗೆ ಹೋಗ್ಬೇಕು ಅಂದೆ," ಎನ್ನುವಳು. ಅವನು ಹೂಂ ಎನ್ನುವವರೆಗೆ ಸೌಟು ಬಗ್ಗುತ್ತಿರಲಿಲ್ಲ. ಎಮ್ಮೆಯ ಹತ್ತಿರವೂ ಹಾಗೆಯೇ. "ನೀರು ಕುಡಿತ್ಯಾ?" ಎಂದು ಕೇಳಿ ಕಿವಿ ಮುಂದೆ ಮಾಡಿ ಕಾಯುವುದು. ನೋಡಿದವರು ನಗುತ್ತಿದ್ದರು. "ಹೇಳಿದ್ದು ಮುಟ್ತೋ ಇಲ್ವೋ ತಿಳೀದೆ ಹೇಳ್ತಾ ಹೋಗೋದು ಎಂತಕ್ಕೆ?" ಎನ್ನುತ್ತಿದ್ದಳು.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು. ಬರೆಯಲು ಕೂತ ಮೇಲೆ ಬೇರೆ ಹೆಸರು ಇಡುವುದಿಲ್ಲ. ಮನೆ ಪಾಲಾದ ಮೇಲೆ ನಡುವೆ ಒಂದು ಬೇಲಿ ಬಂತು. ನಾನು ನೆಟ್ಟ ಬಸಳೆ ಬಳ್ಳಿ ನನ್ನ ಚಪ್ಪರ ಬಿಟ್ಟು ಬೇಲಿ ದಾಟಿ ಅವಳ ಕಡೆಗೇ ಹಬ್ಬಿತು. ದಿನವೂ ನನ್ನ ಬಸಳೆಯನ್ನೇ ಕೊಯ್ದು, "ತಕಾ ಅಕ್ಕ, ಸಾರು ಮಾಡು," ಎಂದು ನನಗೇ ಕೊಡುತ್ತಿದ್ದಳು. ಅವಳಿಗೆ ಅದು ತಮಾಷೆ. ನಾನು ಆ ಬಳ್ಳಿಯನ್ನು ಒಂದು ದಿನ ಬುಡಸಮೇತ ಕಿತ್ತೆ. ಅವಳು ಬಿದ್ದ ತುಂಡುಗಳನ್ನು ಆರಿಸಿ ತನ್ನ ಹಿತ್ತಲಲ್ಲಿ ಚುಚ್ಚಿದಳು. ಅವೂ ಚಿಗುರಿದವು.

ಅವಳ ಒಂದೇ ಕೊರತೆ ಎಂದರೆ ಅಕ್ಷರ. ಅವಳಿಗೆ ಹೆಸರು ಬರೆಯಲೂ ಬರುತ್ತಿರಲಿಲ್ಲ. ನಾನು ಮೂರನೆಯ ಇಯತ್ತೆಯ ತನಕ ಹೋದವಳು. ಬಸ್ಸಿನ ಬೋರ್ಡು, ಔಷಧದ ಚೀಟಿ, ಮದುವೆಯ ಕರೆಯೋಲೆ ಎಲ್ಲವನ್ನೂ ನನ್ನ ಹತ್ತಿರ ತರಬೇಕಿತ್ತು. ಅಕ್ಷರ ಕೂಡಿಸಿ ಕೂಡಿಸಿ ನಾನು ನಿಧಾನವಾಗಿ ಓದುತ್ತಿದ್ದೆ. ಬೇಕೆಂದೇ ಇನ್ನೂ ನಿಧಾನ ಮಾಡುತ್ತಿದ್ದೆ.

ಆಮೇಲೆ ಅವಳಿಗೆ ಫೋನು ಬಂತು.

ಭಟ್ಕಳದಲ್ಲಿರುವ ಅವಳ ಮಗಳು ಹೊಸದು ತೆಗೆದುಕೊಂಡಾಗ ಹಳೆಯದನ್ನು ತಾಯಿಗೆ ಕೊಟ್ಟಳು. ಮೂಲೆ ಒಡೆದ ಗಾಜು, ಹಿಂದೆ ರಬ್ಬರ್ ಹೊದಿಕೆ. ಅಕ್ಷರ ಬಾರದವಳು ಇದನ್ನು ಎಂತ ಮಾಡುತ್ತಾಳೆ ಎಂದು ನಾನು ನಿಶ್ಚಿಂತೆಯಾಗಿದ್ದೆ. ಆ ಡಬ್ಬಿಗೆ ಅಕ್ಷರವೇ ಬೇಡವಂತೆ. ಒತ್ತಿ ಹಿಡಿದು ಮಾತಾಡಿದರೆ ಮಾತು ಹಾಗೇ ಹೋಗುತ್ತದೆ, ಆಚೆಯವರ ಮಾತು ಹಾಗೇ ಬರುತ್ತದೆ. ಮಗಳು ನಾಲ್ಕೈದು ಹೆಂಗಸರ ಒಂದು ಗುಂಪು ಕಟ್ಟಿಕೊಟ್ಟಳು. ಅವರಲ್ಲಿ ಮುಟ್ಟಳ್ಳಿಯ ಅವಳ ಬಾಲ್ಯದ ಗೆಳತಿ ಒಬ್ಬಳು. ಆ ಗೆಳತಿಯ ಹೆಸರಿನ ಜಾಗದಲ್ಲಿ ಕೆಂಪು ದಾಸಾಳದ ಹೂವಿನ ಚಿತ್ರ. ಅದನ್ನು ನೋಡಿ ಇವಳು ಒತ್ತುವುದು.

ಬೇರೆ ಜನ ಆ ಡಬ್ಬಿಗೆ ಹಾಡು ಹೇಳಿದರೆ ಪೂರ್ತಿ ಹೇಳಿ ಕಳಿಸುತ್ತಾರೆ. ಅವಳು ಒಂದು ಸಾಲು ಹೇಳಿ ಬೆರಳು ಎತ್ತುತ್ತಿದ್ದಳು. ಕಿವಿ ಮುಂದೆ ಮಾಡಿ ಕೂರುತ್ತಿದ್ದಳು. ಮುಟ್ಟಳ್ಳಿಯಿಂದ ಆ ಸಾಲು ತಿರುಗಿ ಬಂದರೆ ಮಾತ್ರ ಮುಂದಿನದು. ಅಲ್ಲಿ ರೇಂಜು ಇಲ್ಲದಿದ್ದರೆ, ಗೆಳತಿ ಗಂಜಿ ಬೇಯಿಸುತ್ತಿದ್ದರೆ, ಯಾರಾದರೂ ನೆಂಟರು ಬಂದಿದ್ದರೆ, ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಸೋಬಾನೆ ಹಾಡು ಮುಗಿಯಲು ಹನ್ನೊಂದು ದಿನ ಹಿಡಿದದ್ದು ನನಗೆ ನೆನಪಿದೆ. ಕಾಲೇಜಿನ ಮಾಸ್ತರರೊಬ್ಬರು ಹಾಡು ಬರೆದುಕೊಳ್ಳಲು ಬಂದವರು, "ಅಮ್ಮ, ಇಡೀ ಹಾಡು ಒಟ್ಟಿಗೇ ಹೇಳಿ ಕಳಿಸಿದ್ರೆ ಆಗ್ತಿತ್ತಲ್ಲ," ಎಂದರು.

"ಮಾಸ್ತರೆ, ನೀವು ಒಂದೇ ಕಾಲಲ್ಲಿ ಗೇಟಿನ ತನಕ ಹೋಗಿ ಬನ್ನಿ, ನೋಡುವಾ," ಎಂದಳು.

ಅವರು ನಕ್ಕರು. ನಾನು ನಗಲಿಲ್ಲ. ಆ ಇನ್ನೊಂದು ಕಾಲು ನಾನಾಗಿದ್ದೆ.

ಗದ್ದೆಗೆ ಈಗ ನಾಟಿ ಯಂತ್ರ ಬರುತ್ತದೆ. ನಮಗೆ ಉಳಿದದ್ದು ಈರುಳ್ಳಿ. ನಮ್ಮ ಕಡೆಯ ಸಿಹಿ ಈರುಳ್ಳಿಯನ್ನು ಗಿಡಸಮೇತ ಒಣಗಿಸಿ, ಒಣಗಿದ ಎಲೆಗಳನ್ನು ಜಡೆಯ ಹಾಗೆ ಹೆಣೆದು ಗೊಂಚಲು ಮಾಡಿ ಹೆದ್ದಾರಿ ಬದಿಯಲ್ಲಿ ತೂಗುಹಾಕಿ ಮಾರುವುದು. ಬೇಸಿಗೆ ಪೂರ್ತಿ ನಾವಿಬ್ಬರೂ ತೆಂಗಿನ ಗರಿಯ ಚಪ್ಪರದಡಿ ಎದುರುಬದುರು ಕೂತು ಹೆಣೆಯುತ್ತಿದ್ದೆವು. ಮೊದಲು ಅವಳು ಒಂದು ಸಾಲು ಹೇಳುವಳು, ನಾನು ತಿರುಗಿ ಹೇಳುವೆ, ಕೈ ತನ್ನಷ್ಟಕ್ಕೆ ಓಡುವುದು. ಫೋನು ಬಂದ ಮೇಲೆ ಅದು ನಮ್ಮಿಬ್ಬರ ನಡುವೆ ಗೋಣಿಚೀಲದ ಮೇಲೆ ಕೂತಿತು. ಅವಳು ಸಾಲು ಹೇಳಿದ ಕೂಡಲೇ ಹಳೆಯ ಅಭ್ಯಾಸಕ್ಕೆ ನಾನು ಬಾಯಿ ತೆರೆದರೆ ಅಂಗೈ ಎತ್ತಿ ತಡೆಯುತ್ತಿದ್ದಳು.

"ತಡಿ ಅಕ್ಕ. ಅವಳು ಹೇಳ್ಲಿ."

ಒಂದು ಸಲ ತಡೆಯುವುದರೊಳಗೆ ನಾನು ಹೇಳಿಬಿಟ್ಟಿದ್ದೆ. ನನ್ನ ದನಿಯೂ ಒಳಗೆ ಸೇರಿ ಮುಟ್ಟಳ್ಳಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಗೆಳತಿಯ ಮಾತು ಬಂತು, ನಗುತ್ತ: "ಅದು ಯಾರೇ ಹಿಂದೆ ಕೊಡಪಾನ ಉಜ್ಜೋದು?"

ವಾರಗಿತ್ತಿ ನಕ್ಕಳು. ನಕ್ಕವಳು ನನ್ನ ಮುಖ ನೋಡಿ, "ತಮಾಷೆ ಮಾಡ್ತದೆ ಅದು. ಅಕ್ಕ, ನೀನೂ ಒಂದು ಫೋನು ಇಟ್ಕಾ, ನಾ ಹೇಳಿಕೊಡ್ತೆ," ಎಂದಳು.

"ನಂಗೆ ಹೇಳೋದಿದ್ರೆ ಬೇಲಿ ದಾಟಿ ಬಂದು ಹೇಳು," ಎಂದೆ. ಅಂದಿನ ಗೊಂಚಲುಗಳನ್ನು ಎಷ್ಟು ಬಿಗಿದು ಹೆಣೆದೆನೆಂದರೆ, ಮಾರನೆಯ ದಿನ ಕೊಳ್ಳಲು ಬಂದ ಕಾರಿನವನಿಗೆ ಒಂದು ಈರುಳ್ಳಿಯನ್ನೂ ಬಿಡಿಸಲಾಗಲಿಲ್ಲ.

ಒಂದು ಆಷಾಢದ ಬೆಳಿಗ್ಗೆ ಅವಳು ಎಂಟು ಗಂಟೆಗೆ ಸಾಲು ಕಳಿಸಿದ್ದಳು. ಹನ್ನೊಂದಾದರೂ ತಿರುಗಿ ಬರಲಿಲ್ಲ. ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಫೋನು ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದಳು.

"ಅವಳು ಸಾಲು ಬಿಡೋಳಲ್ಲ, ಅಕ್ಕ."

"ಮಲಗಿರ್ತದೆ. ಇಲ್ದಿದ್ರೆ ಚಾರ್ಜಿಲ್ಲ. ಎಂತಕ್ಕೆ ಹಾರಾಡ್ತಿ?"

"ಮಲಗಿದ್ರೂ ಎದ್ದು ಹೇಳ್ತದೆ ಅದು."

ಗೆಳತಿಯ ಸೊಸೆ ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವವಳು. ಮಗಳ ಹತ್ತಿರ ಹೇಳಿ ಆ ಸೊಸೆಗೆ ಫೋನು ಹಾಕಿಸಿದಳು. ಸೊಸೆ ಪಕ್ಕದ ಮನೆಯ ನವಾಯತ ಮುಸ್ಲಿಂ ಹೆಂಗಸಿಗೆ ಫೋನು ಮಾಡಿದಳು. ಆ ತಾಯಿ ಮಳೆಯಲ್ಲಿ ಕಂಪೌಂಡು ಸುತ್ತಿ ಬಂದು ನೋಡಿದರೆ ಗೆಳತಿ ಬಾವಿಯ ಪಕ್ಕ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು, ತೊಡೆಯ ಮೂಳೆ ಮುರಿದು, ಬೆಳಗಿನಿಂದ ನೆನೆಯುತ್ತ ಬಿದ್ದಿದ್ದಳು. ಕೂಗಿದ್ದು ಮಳೆಯ ಸದ್ದಿಗೆ ಯಾರಿಗೂ ಕೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಬದುಕಿದಳು. ಈಗ ಕೋಲು ಹಿಡಿದು ನಡೆಯುತ್ತಾಳೆ.

ಕೇರಿಯವರೆಲ್ಲ ವಾರಗಿತ್ತಿಯನ್ನು ಹೊಗಳಿದರು. ಹೊಗಳುವಂಥದೇ. ನಾನು ಮಾತ್ರ ಆ ದಿನ ಅಕ್ಕಿ ಆರಿಸುತ್ತ ಒಂದೇ ವಿಚಾರ ಮಾಡಿದೆ: ನಾನು ತಿರುಗಿ ಹೇಳದೆ ಇದ್ದರೆ ಇವಳು ಹೀಗೆ ಓಡಿಬರುತ್ತಾಳಾ? ಕಾಲು ಮುರಿದುಕೊಂಡು ಬಿದ್ದವಳ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಈ ಸುದ್ದಿ ಮಗಳ ಬಾಯಿಂದ ಅವರಿವರಿಗೆ ಹೋಗಿ, ಮರುವರ್ಷದ ಮೇ ತಿಂಗಳಲ್ಲಿ ಕುಮಟೆಯಿಂದ ಒಂದು ಕಾಗದ ಬಂತು. ವಾರಗಿತ್ತಿ ಅದನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಂದೆ ಕೂತಳು. ನಾನು ಕನ್ನಡಕ ಹಾಕಿ ಓದಿದೆ. "ವಿಶ್ವ... ದೂರು... ಸಂಪರ್ಕ... ದಿನ."

"ಹಾಂಗಂದ್ರೆ ಎಂತ?"

"ದೂರು ಕೇಳೋ ದಿನ. ನಿನ್ನ ಕರೆದಿದ್ದಾರೆ."

"ಯಾರ ಮೇಲೆ ದೂರು?"

"ಯಾರ ಮೇಲಾದ್ರೂ ಹೇಳ್ಬಹುದು. ವಿಶ್ವ ಅಂತ ಬರೆದಿದ್ದಾರಲ್ಲ."

ಅವಳು ನಂಬಿದಳು. ನಾನೂ ನಂಬಿಯೇ ಓದಿದ್ದು. ಎರಡು ದಿನ ಕೇರಿಯಲ್ಲಿ ಅದೇ ಮಾತು. ನಲ್ಲಿ ನೀರು ವಾರಕ್ಕೆ ಎರಡೇ ಸಲ ಬರುವುದು ಒಂದು ದೂರು, ಹೊನ್ನಾವರದ ಬಸ್ಸು ಕೈ ಮಾಡಿದರೂ ನಿಲ್ಲಿಸದೆ ಹೋಗುವುದು ಇನ್ನೊಂದು ದೂರು. ಒಬ್ಬ ಮುದುಕ ಬಂದು ತನ್ನ ಸೊಸೆಯ ಮೇಲಿನ ದೂರನ್ನೂ ಸೇರಿಸಬೇಕೆಂದ. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಮೂರನೆಯ ದಿನ ಮಗಳು ಫೋನಿನಲ್ಲಿ ಕಾಗದದ ಫೋಟೋ ನೋಡಿ ನಕ್ಕದ್ದು ನಮ್ಮ ಮನೆಗೂ ಕೇಳಿಸಿತು.

"ದೊಡ್ಡಮ್ಮ, ಅದು ದೂರು ಅಲ್ಲ, ದೂರ. ದೂರಸಂಪರ್ಕ. ದೂರ ಇದ್ದವರ ಹತ್ರ ಮಾತಾಡೋದಕ್ಕೆ ಈ ಫೋನು, ತಂತಿ ಎಲ್ಲಾ ಬಂದದ್ದಲ್ಲ, ಅದರ ದಿನ. ಅಮ್ಮಂಗೆ ಸನ್ಮಾನ ಮಾಡ್ತಾರೆ."

ವಾರಗಿತ್ತಿ ನಗುತ್ತ ನಗುತ್ತ ಜಗಲಿಯ ಮೇಲೆ ಕುಸಿದು ಕೂತಳು. ಕಣ್ಣೊರೆಸಿಕೊಂಡು, "ನಮ್ಮ ಅಕ್ಕಂಗೆ ಎಂತ ಓದಿದ್ರೂ ದೂರೇ ಕಾಣ್ತದೆ," ಎಂದಳು.

ಅವಳಿಗೆ ಅದು ಒಂದು ಮಾತು. ನನಗೆ ಅದು ಒಳಗೆ ಹೋಗಿ ಕೂತಿತು. ನನ್ನ ಹತ್ತಿರ ಇದ್ದದ್ದು ಮೂರು ಇಯತ್ತೆಯ ಅಕ್ಷರ. ಅದನ್ನೂ ನಗೆಪಾಟಲು ಮಾಡಿದಳಲ್ಲ.

ಅದೇ ವಾರ ಕರ್ಕಿಯ ಒಬ್ಬ ಹೆಂಗಸು ಎಲೆಯಡಿಕೆ ಹಿಡಿದುಕೊಂಡು ಅವಳ ಮನೆಗೆ ಬಂದಿದ್ದಳು. ಮಗಳ ಮದುವೆಗೆ ಹಾಡು ಎತ್ತಲು ಕರೆಯುವುದಕ್ಕೆ. ಈಗಿನ ಮದುವೆಗಳಲ್ಲಿ ಸ್ಪೀಕರ್ ಡಬ್ಬಿಯ ಪದವೇ ಜಾಸ್ತಿ. ಎಲೆಯಡಿಕೆ ಕೊಟ್ಟು ಕರೆಯುವವರು ಅಪರೂಪ. ವಾರಗಿತ್ತಿ ಆ ಎಲೆಯಡಿಕೆಯನ್ನು ದೇವರ ಮುಂದೆ ಇಟ್ಟಳು. ಬಹಳ ವರ್ಷದ ಮೇಲೆ ಅವಳನ್ನು ಕರೆದದ್ದು. ಮದುವೆಯ ತನಕ ಮೆಣಸು, ಉಪ್ಪಿನಕಾಯಿ ಎಲ್ಲ ಬಿಟ್ಟಳು, ಗಂಟಲು ಕೆಡಬಾರದೆಂದು.

ಸಭೆಯ ದಿನ ಕುಮಟೆಗೆ ಬಸ್ಸಿನಲ್ಲಿ ನಾವಿಬ್ಬರೇ ಹೋದೆವು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿದಳು.

"ಅಕ್ಕ, ಅಲ್ಲಿ ಒಂದು ಪದ ಹೇಳು ಅಂದ್ರೆ ನಾ ಹೇಳ್ತೆ. ನೀ ಕೆಳಗಿಂದ ತಿರುಗಿ ಹೇಳು, ಹಾಂ?"

"ಹೂಂ," ಎಂದೆ.

ಶಾಲೆಯ ದೊಡ್ಡ ಕೋಣೆ. ಗೋಡೆಗೆ ಕಟ್ಟಿದ ಬಟ್ಟೆಯ ಮೇಲೆ ಆ ದಿನದ ಹೆಸರು. ಈ ಸಲ ಸರಿಯಾಗಿಯೇ ಓದಿದೆ. ಒಬ್ಬರು ಎದ್ದು ಎಲ್ಲರೂ ಮೊಬೈಲ್ ಬಂದ್ ಮಾಡಬೇಕೆಂದರು, ಇನ್ನೊಬ್ಬರು ಮೊಬೈಲಿನ ಉಪಕಾರದ ಮೇಲೆ ಒಂದು ಗಂಟೆ ಮಾತಾಡಿದರು. ತಂತಿ ಬರುತ್ತಿದ್ದ ಕಾಲ, ಟ್ರಂಕ್ ಕಾಲ್‌ಗೆ ಪೋಸ್ಟಾಫೀಸಿನಲ್ಲಿ ಕಾಯುತ್ತಿದ್ದ ಕಾಲ. ಅದು ನನಗೂ ನೆನಪಿದೆ. ನಮ್ಮ ಮನೆಗೆ ಬಂದ ತಂತಿಗಳಲ್ಲಿ ಒಂದೂ ಒಳ್ಳೆಯ ಸುದ್ದಿ ತಂದದ್ದಿಲ್ಲ. ಆಮೇಲೆ ಮುಟ್ಟಳ್ಳಿಯ ಕತೆ ಹೇಳಿ ವಾರಗಿತ್ತಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತು ಹೇಳಿ ಎಂದರು.

ಅವಳು ಮೈಕನ್ನು ಫೋನು ಹಿಡಿದ ಹಾಗೆ ಬಾಯಿಯ ಹತ್ತಿರ ಅಡ್ಡ ಹಿಡಿದಳು. ಫೋನು ಕೊಟ್ಟ ಮಗಳನ್ನು ನೆನೆದಳು. ಮುಟ್ಟಳ್ಳಿಯ ಗೆಳತಿಯನ್ನು ನೆನೆದಳು, ಕಂಪೌಂಡು ಸುತ್ತಿ ಓಡಿದ ನವಾಯತ ತಾಯಿಯನ್ನು ನೆನೆದಳು. "ನನ್ನ ಪದಕ್ಕೆ ಹೂಂ ಅನ್ನೋರು ಇಷ್ಟು ದೂರ ಇದ್ರೂ ಸಿಕ್ಕಿದ್ರಲ್ಲ, ಅದೇ ದೊಡ್ಡದು," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಾಯುತ್ತಿದ್ದೆ. ಹತ್ತಿರ ಇದ್ದವಳ ಹೆಸರು ಬರಲಿಲ್ಲ. ಹತ್ತಿರ ಇದ್ದವಳನ್ನು ಹೇಳಬೇಕೆಂದು ಅವಳಿಗೆ ತೋರಿರಲಿಕ್ಕಿಲ್ಲ. ತನ್ನ ಕೈಯನ್ನು ಯಾರಾದರೂ ನೆನೆಯುತ್ತಾರಾ? ಇದು ನನಗೆ ಈಗ ಹೊಳೆಯುವುದು. ಅಂದು ಹೊಳೆಯಲಿಲ್ಲ.

ಒಂದು ಪದ ಹೇಳಿ ಎಂದರು. ಅವಳು ಮುಟ್ಟಳ್ಳಿಯಿಂದ ತಂದ ಹಾಡನ್ನೇ ಎತ್ತಿದಳು, ಮದುಮಗಳು ತವರಿನಲ್ಲಿ ಕೊನೆಯ ಸಲ ಅಕ್ಕಿ ತೊಳೆಯುವ ಹಾಡು.

"ಅಕ್ಕಿ ತೊಳೆದ ನೀರ ಯಾವ ಗಿಡಕೆ ಹೊಯ್ಯಲೆ..."

ದನಿ ಕೋಣೆಯ ತುದಿ ಮುಟ್ಟಿತು. ತಲೆ ಬಲಕ್ಕೆ ವಾಲಿತು. ಎಡಗಿವಿ ಮುಂದೆ ಬಂತು, ನನ್ನ ಕಡೆಗೆ.

ಸಾಲು ನನ್ನ ಗಂಟಲಿನಲ್ಲಿ ತಯಾರಾಗಿತ್ತು. ತುಟಿ ತಾನಾಗಿ ಅಲುಗಿತು. ಸೆರಗಿನಿಂದ ಬಾಯಿ ಒತ್ತಿಕೊಂಡೆ. ಇಷ್ಟು ದೂರದವರು ಸಿಕ್ಕಿದ್ದಾರಲ್ಲ, ಅವರೇ ಹೇಳಲಿ ಎಂದುಕೊಂಡೆ. ಅಲ್ಲಿದ್ದವರಲ್ಲಿ ಆ ಹಾಡು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅವಳ ಫೋನು ಬಂದ್ ಆಗಿ ನನ್ನ ಚೀಲದಲ್ಲೇ ಇತ್ತು.

ಅವಳು ಕಾದಳು. ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಸಲ ಹೇಳಿದಳು. ಈ ಸಲ ದನಿ ಕೋಣೆಯ ತುದಿಗೆ ಹೋಗಲಿಲ್ಲ, ನನ್ನ ಕುರ್ಚಿಯ ತನಕ ಬಂದು ನಿಂತಿತು. ನಾನು ನೆಲ ನೋಡಿದೆ.

ಕಾರ್ಯಕ್ರಮ ನಡೆಸುವವನು ಮೈಕನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. "ವಯಸ್ಸಾಯ್ತು, ಪಾಪ, ಮರೆತುಹೋಗಿದೆ. ಆದ್ರೂ ಎಷ್ಟು ಚಂದ ಹೇಳಿದ್ರು. ಜೋರಾಗಿ ಚಪ್ಪಾಳೆ," ಎಂದ. ಜೋರಾಗಿಯೇ ತಟ್ಟಿದರು. ಅವಳು ಕೈ ಮುಗಿದು ಮೆಟ್ಟಿಲು ಇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

"ಗಂಟಲು ನೋವಾ, ಅಕ್ಕ?"

"ಹೂಂ."

ಮಧ್ಯಾಹ್ನ ಬೇಲಿಯ ಮೇಲಿಂದ ಒಂದು ಲೋಟ ಕಾಳುಮೆಣಸಿನ ಕಷಾಯ ಕೊಟ್ಟಳು. ಬಿಸಿ ಇರುವಾಗಲೇ ಕುಡಿ ಎಂದು ಎದುರು ನಿಂತಳು. ಗಂಟಲು ನೆಟ್ಟಗಿರುವವಳು ಆ ಕಷಾಯ ಕುಡಿದರೆ ಎಷ್ಟು ಉರಿಯುತ್ತದೆ ಎನ್ನುವುದು ನನಗೆ ಗೊತ್ತು. ಪೂರ್ತಿ ಕುಡಿದೆ. ಅವಳು ಲೋಟ ತೆಗೆದುಕೊಂಡು ಹೋದಳು. ಅವಳಿಗೆ ತಿಳಿದಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವಳು ಸಾಯುವ ತನಕವೂ ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕರ್ಕಿಯ ಮದುಮಗಳ ತಾಯಿ ನಮ್ಮ ಅಂಗಳಕ್ಕೆ ಬಂದಳು. ಬೇಲಿಯ ಆಚೆಗಲ್ಲ, ನಮ್ಮ ಅಂಗಳಕ್ಕೆ. ಅವಳ ಕೈಯ ಫೋನಿನಲ್ಲಿ ವಾರಗಿತ್ತಿ ಬಾಯಿ ತೆರೆದು ನಿಂತಿದ್ದಳು. ಯಾರೋ ಸಭೆಯಲ್ಲಿ ವಿಡಿಯೊ ಹಿಡಿದು ಕಳಿಸಿದ್ದು. ಆಗಲೇ ಹೊನ್ನಾವರದ ತನಕ ಎಲ್ಲ ಫೋನಿಗೂ ಹೋಗಿತ್ತಂತೆ.

"ಬೇಜಾರು ಮಾಡ್ಕೊಳ್ಬೇಡಿ ದೊಡ್ಡಮ್ಮ," ಎಂದಳು ದನಿ ತಗ್ಗಿಸಿ. "ಚಿಕ್ಕಮ್ಮಂಗೆ ಮರೆವು ಶುರುವಾಗಿದೆ ಕಾಣ್ತದೆ. ಹಸೆ ಮೇಲೆ ಕೂತ ಹುಡುಗಿ ಮುಂದೆ ಪದ ಅರ್ಧಕ್ಕೆ ನಿಂತ್ರೆ ಗಂಡಿನೋರು ಅಪಶಕುನ ಅಂತಾರೆ. ನೀವೇ ಮುಂದೆ ನಿಲ್ಲಿ. ನಾನೇ ಅವರಿಗೆ ಮೆಲ್ಲಗೆ ಹೇಳ್ತೆ."

ಹೊಸ ಎಲೆಯಡಿಕೆ ತಂದಿದ್ದಳು. ನನ್ನ ಕೈಗೆ ಇಟ್ಟಳು.

ಅತ್ತೆ ಹಿಂದಾಗು ಎಂದ ದಿನದಿಂದ ನಾನು ಕಾದದ್ದು ಅದಕ್ಕೇ. ಅದು ತಾನಾಗಿ ಮನೆಗೆ ನಡೆದು ಬಂದಿತ್ತು. "ಆತು," ಎಂದೆ. ಅವಳು ಹೋದ ಮೇಲೆ ಎಲೆಗಳ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ವಾರಗಿತ್ತಿ ಹೋದ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡಳು. ಎದೆನೋವು ಬಂತು, ಒಂದೇ ದಿನ. ಜನ ಬಂದು ಅವಳ ದನಿಯನ್ನು ಹೊಗಳಿ ಹೋದರು. ನಾನು ಅತ್ತದ್ದು ಕಡಿಮೆ. ಅವಳ ಫೋನು ಮಗಳ ಹತ್ತಿರ ಇದೆ, ಅದರಲ್ಲಿ ಅವಳ ಸಾಲುಗಳು, ಮುಟ್ಟಳ್ಳಿಯವಳು ತಿರುಗಿ ಹೇಳಿದ್ದು ಎಲ್ಲಾ ಇದೆಯಂತೆ. ನಾನು ಹೇಳಿದ್ದು ಅದರಲ್ಲಿ ಒಂದೇ ಇದೆ, ಕೊಡಪಾನ ಉಜ್ಜಿದ್ದು. ನನಗೆ ಈಗಲೂ ಆ ಗೆಳತಿಯ ಮೇಲೆ ಹೊಟ್ಟೆಕಿಚ್ಚು ಇದೆ. ವಾರಗಿತ್ತಿಯ ಬಗ್ಗೆ ಒಳ್ಳೆಯದು ಬರೆಯಬೇಕೆಂದು ಕೂತರೆ ನನ್ನ ಕೆಟ್ಟದ್ದೇ ಮುಂದೆ ಬರುತ್ತದೆ. ಬರಲಿ. ನಾನು ಹೇಳಿದ್ದಕ್ಕಲ್ಲ, ತಿರುಗಿ ಹೇಳಿದ್ದಕ್ಕೆ ಬೆಲೆ ಕೊಟ್ಟವಳು ಅವಳೊಬ್ಬಳೇ. ಅದು ಇಲ್ಲದಿದ್ದರೆ ಮೂರು ಸಲ ನನ್ನ ಕಡೆಗೆ ಕಿವಿ ಹಿಡಿದು ಯಾಕೆ ನಿಲ್ಲಬೇಕಿತ್ತು?

ಅಂದು, ಆ ಹೊಸ ಎಲೆಯಡಿಕೆ ನನ್ನ ಕೈಗೆ ಬಂದ ಮಾರನೆಯ ಬೆಳಿಗ್ಗೆ ಎದ್ದು, ಎಮ್ಮೆ ಕರೆದು, ಮುಖ ತೊಳೆದುಕೊಂಡು, ಸುತ್ತಿಟ್ಟ ಎಲೆಯಡಿಕೆ ಹಿಡಿದು ಹೆದ್ದಾರಿಗೆ ಹೋದೆ. ಎರಡು ಬಸ್ಸು ನಿಲ್ಲಿಸದೆ ಹೋದವು, ಮೂರನೆಯದು ನಿಂತಿತು. ಕರ್ಕಿಯಲ್ಲಿ ಇಳಿದೆ. ಮದುಮಗಳ ತಾಯಿ ಜಗಲಿಯಲ್ಲಿ ಕೂತು ತೆಂಗಿನಕಾಯಿಗಳ ಜುಟ್ಟು ತೆಗೆಯುತ್ತಿದ್ದಳು.

"ಅವಳು ಮರೆತದ್ದಲ್ಲ," ಎಂದೆ. "ತಿರುಗಿ ಹೇಳೋದು ನನ್ನ ಕೆಲ್ಸ. ನಾ ಹೇಳಲಿಲ್ಲ."

"ಎಂತಕ್ಕೆ?"

"ಹೊಟ್ಟೆಕಿಚ್ಚು."

ಅವಳು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದಳು. ಮುಖದಲ್ಲಿ ಒಂದು ಥರದ ಭಕ್ತಿ ಬಂತು. "ವಾರಗಿತ್ತಿ ಮಾನ ಉಳಿಸೋಕೆ ಇಲ್ಲಿತನಕ ಬಂದ್ರಲ್ಲ, ದೊಡ್ಡಮ್ಮ. ನಿಮ್ಮ ಮನಸ್ಸು ದೊಡ್ಡದು."

ನನಗೆ ಸಿಟ್ಟು ಬಂತು. ನಿಜ ಹೇಳಿದರೆ ಪುಣ್ಯ ಎಂದು ತಿಳಿಯುವ ಜನಕ್ಕೆ ಎಂತ ಹೇಳುವುದು? "ನಿನ್ನ ಅವ್ವ ಗದ್ದೇಲಿ ಪದ ಹೇಳ್ತಿದ್ದೋಳಲ್ಲ?" ಎಂದೆ. "ನೀನೂ ಸಣ್ಣಿರುವಾಗ ಅವಳ ಸಂಗಡ ಹೇಳಿರ್ತಿ. ಯಾವುದಾದ್ರೂ ಒಂದು ಎತ್ತು."

"ಈಗಾ? ನಂಗೆಲ್ಲಿ ನೆನಪದೆ?"

"ಎತ್ತು."

ಅವಳು ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ನಾಚುತ್ತ, ಎಮ್ಮೆಯ ಕರುವಿನ ಮೇಲಿನ ಹಾಡಿನ ಒಂದು ಸಾಲು ಹೇಳಿದಳು. ದನಿ ಒರಟು, ಆದರೆ ತಪ್ಪಿರಲಿಲ್ಲ. ನಾನು ಬಾಯಿ ಮುಚ್ಚಿ ಕೂತೆ. ಅವಳು ಕಾದಳು. ಅದೇ ಸಾಲನ್ನು ಇನ್ನೊಮ್ಮೆ ಹೇಳಿ ನನ್ನ ಮುಖ ನೋಡಿದಳು.

"ಮುಂದೆ ಹೇಳು," ಎಂದೆ.

"ಮುಂದೆ ಗೊತ್ತದೆ. ಆದ್ರೆ ನೀವು ತಿರುಗಿ ಹೇಳದೆ ನಾ ಹೆಂಗೆ..."

ಮಾತು ಅಲ್ಲಿಗೇ ನಿಂತಿತು. ಈ ಸಲ ಅವಳ ಮುಖದಲ್ಲಿ ಭಕ್ತಿ ಇರಲಿಲ್ಲ. ನನ್ನನ್ನು ನೋಡಬೇಕಾದ ಹಾಗೆ ನೋಡಿದಳು. ಅದೂ ಒಳ್ಳೆಯದೇ ಆಯಿತು.

ಒದ್ದೆ ಬಟ್ಟೆ ಬಿಚ್ಚಿ ಎಲೆಯಡಿಕೆಯನ್ನು ಅವಳ ಪಕ್ಕ ಇಟ್ಟೆ. "ಬೇಲಿಯಾಚೆ ಮನೆಗೆ ಮೊದಲು ಕೊಟ್ಟದ್ದೇ ಇರ್ಲಿ. ಅವಳಿಗೆ ಎಂತದೂ ಹೇಳ್ಬೇಡ," ಎಂದೆ.

"ಮತ್ತೆ ನೀವು? ಮದುವೆಗೆ ನಿಮ್ಮನ್ನು..."

"ಕರೆದ್ರೆ ಬರ್ತೆ. ಕರೀದಿದ್ರೂ ಬಂದು ಅವಳ ಹಿಂದೆ ಕೂರ್ತೆ."

ಆಮೇಲೆ ಆ ಜಗಲಿಯಲ್ಲೇ ಅವಳ ಕರುವಿನ ಸಾಲನ್ನು ತಿರುಗಿ ಹೇಳಿ, ಬಸ್ಸಿಗೆ ಹೋದೆ.